ವಾಸ್ತುತಂತ್ರಾಂಶಗಳ ಪ್ರಾಮಾಣ್ಯವಿಚಾರ

‘ಪ್ರಮಾಣ’ ಶಬ್ದವು ಭಾರತೀಯ ಶಾಸ್ತ್ರಗಳಲ್ಲಿ ಎರಡು ಅರ್ಥಗಳಿಂದ ಪ್ರಸಿದ್ಧವಾಗಿದೆ. ಶಿಲ್ಪಶಾಸ್ತ್ರದಲ್ಲಿ ಅದು ಉದ್ದಗಲ ಎತ್ತರಗಳ ಅಳತೆ. ತರ್ಕಶಾಸ್ತ್ರದಲ್ಲಿ ಯಥಾರ್ಥಜ್ಞಾನಕ್ಕೆ ಸಾಧನವಾದುದು. ಮನೆಯ ನಕ್ಷೆಯಲ್ಲಿ ಈ ಎರಡು ಅರ್ಥಗಳೂ ಕೂಡಬೇಕು. ಅಳತೆಯನ್ನು ಹೇಳುವ ಸಾಧನವು ನಂಬುಗೆಗೆ ಅರ್ಹವಲ್ಲದಿದ್ದರೆ ಅದು ಹೇಳಿದ ಅಳತೆಗೂ ಬೆಲೆಯಿಲ್ಲ. ಇಂದು ನಕ್ಷೆಗಳು ಗಣಕಯಂತ್ರದ ತಂತ್ರಾಂಶಗಳಿಂದ ಸಿದ್ಧವಾಗುತ್ತಿರುವುದರಿಂದಲೂ, ಅವುಗಳ ವಿಷಯದಲ್ಲಿ ವಾಸ್ತುಶಿಲ್ಪಿಗಳ ಅಸಮಾಧಾನವು ಬಹಿರಂಗವಾಗಿರುವುದರಿಂದಲೂ, ಅವುಗಳ ಪ್ರಾಮಾಣ್ಯವು ಎಷ್ಟರಮಟ್ಟಿನದು, ಅವುಗಳಿಗೆ ಬದಲಾಗಿ ಯಾವುದನ್ನು ಆಶ್ರಯಿಸತಕ್ಕದ್ದು ಎಂಬುದು ವಿಚಾರಾರ್ಹವಾಗಿದೆ.

ಮೊದಲು ಸಾಧನದ ಸ್ವರೂಪವನ್ನು ತಿಳಿಯಬೇಕು. ಗಣಕಯಂತ್ರದ ತೆರೆಯ ಮೇಲೆ ಆಕೃತಿಗಳನ್ನು ಬರೆಯುವ ಈ ವಿದ್ಯೆಯ ಆದಿಯಲ್ಲಿ 1963ರಲ್ಲಿ ಐವನ್ ಸದರ್ಲೆಂಡರು ರಚಿಸಿದ ಸ್ಕೆಚ್‌ಪ್ಯಾಡ್ ನಿಂತಿದೆ. 1982ರಲ್ಲಿ ಹೊರಬಂದ ಆಟೋಕ್ಯಾಡ್ ಅದನ್ನು ಮೇಜಿನ ಮೇಲಣ ಸಣ್ಣ ಯಂತ್ರಗಳಿಗೆ ತಂದಿತು. 2000ದಲ್ಲಿ ಬಂದ ರೆವಿಟ್, ಬಿಡಿ ರೇಖೆಗಳಿಗೆ ಬದಲಾಗಿ ಗೋಡೆ, ಕಂಬ, ಬಾಗಿಲುಗಳನ್ನೇ ಪರಸ್ಪರ ಸಂಬಂಧವುಳ್ಳ ಪದಾರ್ಥಗಳಾಗಿ ಗ್ರಹಿಸಿತು. ಈ ಭೇದವು ಜಗಳೂರು ಸೀಮೆಯ ಮಾಳಿಗೆಮನೆಯ ದೃಷ್ಟಾಂತದಿಂದ ಸ್ಪಷ್ಟವಾಗುವುದು. ಮಳೆ ಕಡಮೆಯಾದ ಆ ಬಯಲುಸೀಮೆಯಲ್ಲಿ ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತೆ, ಅದರ ಮೇಲೆ ಮಣ್ಣು ಹೊದಿಸಿ ಕಟ್ಟಿದ ಹಳೆಯ ಮನೆಗಳನ್ನು ಅಡಿಗಳಿಂದ ಹೇಳದೆ ಅಂಕಣಗಳಿಂದ ಹೇಳುವುದು ರೂಢಿ. ಅಂಕಣವೆಂದರೆ ತೊಲೆಯಿಂದ ತೊಲೆಗಿರುವ ಎಡೆ. ಅದು ಕೇವಲ ಉದ್ದವಲ್ಲ, ಒಂದು ಸಂಬಂಧ. ಅಂಕಣವು ಹಿಗ್ಗಿದರೆ ಜಂತೆಯು ಉದ್ದವೂ ದಪ್ಪವೂ ಆಗಬೇಕು, ಕಂಬಗಳು ಸರಿಯಬೇಕು. ರೇಖೆಯನ್ನು ಮಾತ್ರ ಬಲ್ಲ ತಂತ್ರಾಂಶದಲ್ಲಿ ಒಂದು ಕಂಬವನ್ನು ಸರಿಸಿದರೆ ಉಳಿದವು ಇದ್ದಲ್ಲಿಯೇ ಇರುವುವು. ತಪ್ಪು ಕಣ್ಣಿಗೆ ಬೀಳುವುದು. ಸಂಬಂಧವನ್ನು ಬಲ್ಲ ತಂತ್ರಾಂಶದಲ್ಲಿ ಎಲ್ಲವೂ ಒಟ್ಟಿಗೆ ಸರಿಯುವುವು. ಅದರ ಗುಣವೂ ಇದೇ, ಅಪಾಯವೂ ಇದೇ. ಏಕೆಂದರೆ ಒಂದು ಸಂಬಂಧವು ತಪ್ಪಿದಲ್ಲಿ ಆ ತಪ್ಪು ಇಡೀ ನಕ್ಷೆಯಲ್ಲಿ ಅಂದವಾಗಿಯೇ ಹರಡಿಕೊಳ್ಳುವುದು.

ಇನ್ನು ದೋಷಗಳನ್ನು ಎಣಿಸುವುದಾದರೆ ಅವು ಮುಖ್ಯವಾಗಿ ಮೂರು ಬಗೆಯವು. ಮೊದಲನೆಯದು ಗಣನೆಯ ದೋಷ. ರೆವಿಟ್‌ನಲ್ಲಿ ಆಂತರಿಕ ಮೂಲಬಿಂದುವಿನಿಂದ ಸುಮಾರು 16 ಕಿಲೋಮೀಟರುಗಳಾಚೆ ಆಕೃತಿಗಳನ್ನಿಟ್ಟರೆ ಅವು ಸರಿಯಾಗಿ ತೋರುವ ಭರವಸೆಯಿಲ್ಲ. ಮೋಜಣಿಯ ದೂರಾಂಕಗಳನ್ನು ಹಾಗೆಯೇ ತಂದು ಬರೆಯುವವನು ಇದನ್ನರಿಯದೆ ತೊಂದರೆಗೊಳಗಾಗುವನು. ಎರಡನೆಯದು ಕಾಲದ ದೋಷ. ಅದರ ಹೊಸ ಆವೃತ್ತಿಯಲ್ಲಿ ಉಳಿಸಿದ ಕಡತವನ್ನು ಹಳೆಯ ಆವೃತ್ತಿಯು ತೆರೆಯಲಾರದು. ಮೂರನೆಯದು ಸ್ವಾಮ್ಯದ ದೋಷ. ತಯಾರಕ ಸಂಸ್ಥೆಯು ತನ್ನ ಹೆಚ್ಚಿನ ತಂತ್ರಾಂಶಗಳ ಶಾಶ್ವತ ಪರವಾನಿಗೆಗಳ ಮಾರಾಟವನ್ನು 2016ರಲ್ಲಿ ನಿಲ್ಲಿಸಿದುದರಿಂದ, ಹೊಸದಾಗಿ ಕೊಳ್ಳುವವನು ಕಾಲಕಾಲಕ್ಕೆ ಶುಲ್ಕ ಸಲ್ಲಿಸುತ್ತಿರಬೇಕು; ಸಲ್ಲಿಸದಿದ್ದರೆ ತಾನೇ ಬರೆದ ನಕ್ಷೆಯನ್ನು ತಿದ್ದಲು ತನಗೇ ಸಾಧನವಿಲ್ಲದಂತಾಗುವುದು. 2020ನೆಯ ಜುಲೈ ತಿಂಗಳಿನಲ್ಲಿ ಬ್ರಿಟನ್ನಿನ ಪ್ರಸಿದ್ಧ ವಾಸ್ತುಶಿಲ್ಪಿಸಂಸ್ಥೆಗಳು, ಜಹಾ ಹದೀದ್ ಮತ್ತು ಗ್ರಿಮ್‌ಷಾ ಮೊದಲಾದವು, ಶುಲ್ಕವು ಏರಿದಷ್ಟು ತಂತ್ರಾಂಶವು ಬೆಳೆದಿಲ್ಲವೆಂದು ಬಹಿರಂಗ ಪತ್ರವನ್ನು ಬರೆದುವು.

ಇಲ್ಲಿ ಪೂರ್ವಪಕ್ಷವೊಂದುಂಟು. ಯಂತ್ರವು ತಪ್ಪುವುದಿಲ್ಲ, ತಪ್ಪುವವನು ಬಳಸುವವನೇ ಎಂಬುದು ಆ ಪಕ್ಷ. ಇದು ಅರ್ಧಸತ್ಯ. ಅಮೆರಿಕೆಯ ಹಾರ್ಟ್‌ಫರ್ಡ್ ನಗರದ ಕ್ರೀಡಾಮಂದಿರದ ಚಾವಣಿಯು ಗಣಕಯಂತ್ರದ ಲೆಕ್ಕವನ್ನು ನಂಬಿ ಕಟ್ಟಿದುದು. ಕಟ್ಟುವಾಗಲೇ ಅದು ಲೆಕ್ಕ ಹೇಳಿದುದರ ಸುಮಾರು ಇಮ್ಮಡಿ ಬಾಗಿತ್ತು. ಆದರೂ ಲೆಕ್ಕವನ್ನೇ ನಂಬಿದರು, ಕಣ್ಣನ್ನು ನಂಬಲಿಲ್ಲ. 1978ನೆಯ ಜನವರಿ 18ರಂದು ಹಿಮದ ಭಾರದಿಂದ ಚಾವಣಿಯು ಕುಸಿಯಿತು. ಕೆಲವೇ ಗಂಟೆಗಳ ಮೊದಲು ಅದರ ಕೆಳಗೆ ಸಾವಿರಾರು ಪ್ರೇಕ್ಷಕರಿದ್ದರು. ಯಂತ್ರವು ತನಗೆ ಕೊಟ್ಟ ಕಲ್ಪನೆಯನ್ನು ತಪ್ಪಿಲ್ಲದೆ ಗಣಿಸಿರಬಹುದು. ಆದರೆ ಆ ಕಲ್ಪನೆಯೇ ಕಟ್ಟಡಕ್ಕೆ ಹೊಂದಿರಲಿಲ್ಲ. ಮೀಮಾಂಸಕರು ಜ್ಞಾನಕ್ಕೆ ಸ್ವತಃಪ್ರಾಮಾಣ್ಯವನ್ನು ಹೇಳಿದರೆ, ನೈಯಾಯಿಕರು ಪ್ರವೃತ್ತಿಯು ಸಫಲವಾದ ಮೇಲೆಯೇ ಪ್ರಾಮಾಣ್ಯವು ನಿಶ್ಚಿತವಾಗುವುದೆಂದರು. ವೇದದ ವಿಷಯವು ಹೇಗೇ ಇರಲಿ, ತಂತ್ರಾಂಶದ ವಿಷಯದಲ್ಲಿ ನೈಯಾಯಿಕಮತವೇ ಗ್ರಾಹ್ಯವು.

ಹಾಗಾದರೆ ತಂತ್ರಾಂಶವನ್ನು ಬಿಟ್ಟು ಪ್ರಾಚೀನ ಶಾಸ್ತ್ರಕ್ಕೆ ಮರಳಬಹುದೆ? ಶಾಸ್ತ್ರಾಭಿಮಾನಿಗಳಿಗೆ ಇದು ಪ್ರಿಯವಾದ ಮಾತು. ಆದರೆ ಶಾಸ್ತ್ರವೂ ಇದೇ ದೋಷಗಳನ್ನು ಕಂಡಿದೆ. ಹಸ್ತವೆಂಬ ಅಳತೆಯೇ ನಾಲ್ಕು ವಿಧ: ಕಿಷ್ಕುವಿಗೆ 24, ಪ್ರಾಜಾಪತ್ಯಕ್ಕೆ 25, ಧನುರ್ಮುಷ್ಟಿಗೆ 26, ಧನುರ್ಗ್ರಹಕ್ಕೆ 27 ಅಂಗುಲಗಳು. ಕಿಷ್ಕುವಿನಿಂದ ಎಂಟು ಹಸ್ತವೆಂದು ವಿಧಿಸಿದುದನ್ನು ಧನುರ್ಗ್ರಹದಿಂದ ಅಳೆದವನು ಒಂದು ಕಿಷ್ಕುವಿನಷ್ಟು ಹೆಚ್ಚಾಗಿ ಕಟ್ಟುವನು. ಮಿಲಿಮೀಟರಿನಲ್ಲಿ ಬರೆದ ಕಡತವನ್ನು ಅಂಗುಲವೆಂದು ಓದಿ 25.4 ಪಟ್ಟು ಹಿಗ್ಗಿಸುವ ತಂತ್ರಾಂಶದ ಪ್ರಮಾದವೂ ಇದೇ ಜಾತಿಯದು. ಮೇಲಾಗಿ 70 ಅಧ್ಯಾಯಗಳ ಮಾನಸಾರದ ಪಾಠವು ಅಪಶಬ್ದಗಳಿಂದ ತುಂಬಿದೆ. ಬೆಂಗಳೂರಿನಲ್ಲಿ ನ್ಯಾಯಾಧಿಕಾರಿಗಳಾಗಿದ್ದ ರಾಮರಾಜರು ಹಿಂದೂ ವಾಸ್ತುವನ್ನು ಕುರಿತು ಬರೆದ ಪ್ರಬಂಧವು 1834ರಲ್ಲಿ 48 ಚಿತ್ರಪಟಗಳೊಡನೆ ಲಂಡನ್ನಿನಲ್ಲಿ ಅಚ್ಚಾಯಿತು. ಅವರ ಮುಂದಿದ್ದುದೂ ನಂಬಲರ್ಹವಲ್ಲದ ಸಾಧನವೇ. ಅವರು ಅದನ್ನು ಎಸೆಯಲೂ ಇಲ್ಲ, ಕಣ್ಣುಮುಚ್ಚಿ ನಂಬಲೂ ಇಲ್ಲ. ಗ್ರಂಥವನ್ನು ಗ್ರಂಥದೊಡನೆ ಹೋಲಿಸಿದರು. ಪಂಡಿತನಿಗೆ ತಿಳಿಯದ ಪಾರಿಭಾಷಿಕ ಶಬ್ದವನ್ನು ಶಿಲ್ಪಿಯಿಂದ ತಿಳಿದರು. ಪಾಠವು ತೆರೆದಿದ್ದುದರಿಂದಲೇ ಈ ಶೋಧನೆಯು ಸಾಧ್ಯವಾಯಿತು.

ಈ ನ್ಯಾಯವನ್ನು ಮುಕ್ತ ತಂತ್ರಾಂಶಗಳಿಗೆ ಅನ್ವಯಿಸಿ ನೋಡಬಹುದು. ಅವುಗಳಲ್ಲಿ ದೋಷವಿಲ್ಲವೆಂಬುದು ಭ್ರಾಂತಿ. ಫ್ರೀಕ್ಯಾಡ್‌ನಲ್ಲಿ ಬಹುಕಾಲ ಒಂದು ನಾಮದೋಷವಿದ್ದಿತು. ಆಕೃತಿಯ ಒಂದೊಂದು ಮುಖಕ್ಕೂ ಅಂಚಿಗೂ ಯಂತ್ರವು ಕ್ರಮಾಂಕದಿಂದ ಹೆಸರಿಡುವುದು. ಮೂಲಾಕೃತಿಯನ್ನು ತಿದ್ದಿದೊಡನೆ ಹೆಸರುಗಳು ಪಲ್ಲಟವಾಗಿ, ಒಂದು ಮುಖಕ್ಕೆ ಸೇರಿದ್ದುದು ಇನ್ನೊಂದಕ್ಕೆ ಅಂಟಿಕೊಳ್ಳುವುದು. ಆದರೆ ಈ ದೋಷವು ಗುಟ್ಟಾಗಿರಲಿಲ್ಲ. ಮುಖ್ಯಶಾಖೆಯ ಹೊರಗೆ ಒಬ್ಬ ಕಾರ್ಯಕರ್ತನು ರೂಪಿಸಿದ ಪರಿಹಾರವನ್ನು ಇತರರು ಪರೀಕ್ಷಿಸಿ, 2024ನೆಯ ನವೆಂಬರಿನಲ್ಲಿ ಬಂದ 1.0 ಆವೃತ್ತಿಯಲ್ಲಿ ಸೇರಿಸಿಕೊಂಡು ದೋಷವನ್ನು ಬಹಳವಾಗಿ ತಗ್ಗಿಸಿದರು. ಹಾಗೆಯೇ 2013ರಲ್ಲಿ ಅಂತರರಾಷ್ಟ್ರೀಯ ಮಾನಕವಾದ ಐ.ಎಫ್.ಸಿ. ಎಂಬ ಕಡತಕ್ರಮವನ್ನು ಯಾರು ಬೇಕಾದರೂ ಓದಬಹುದು. ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಹೋಗುವಾಗ ಅದರಲ್ಲಿಯೂ ಕೆಲವು ಸಂಬಂಧಗಳು ಕಳಚುವುವೆಂಬುದು ನಿಜ. ಆದರೆ ಗೋಡೆ ಕಂಬಗಳ ವಿವರವು ಒಬ್ಬ ಮಾರಾಟಗಾರನ ವಶದಲ್ಲಿಯೇ ಉಳಿಯುವುದು ತಪ್ಪುವುದು.

ಆದುದರಿಂದ ಸಿದ್ಧಾಂತವು ಇಷ್ಟು: ದೋಷವೇ ಇಲ್ಲದ ಸಾಧನವನ್ನು ಹುಡುಕುವುದು ವ್ಯರ್ಥ. ದೋಷವು ಯಾವುದರಲ್ಲಿ ಪರರಿಗೆ ಗೋಚರವಾಗಿ ತಿದ್ದಲು ಸಾಧ್ಯವೋ, ಬರೆದ ನಕ್ಷೆಯು ಯಾವುದರಲ್ಲಿ ಬರೆಸಿದವನ ಸ್ವತ್ತಾಗಿ ಉಳಿಯುವುದೋ ಅದನ್ನೇ ಆಶ್ರಯಿಸತಕ್ಕದ್ದು. ತಂತ್ರಾಂಶವು ಹೇಳಿದ ಅಳತೆಯನ್ನು ಕಟ್ಟುವ ಮೊದಲು ಮೇಸ್ತ್ರಿಯ ನೂಲಿನಿಂದ ಪರೀಕ್ಷಿಸತಕ್ಕದ್ದು. ಜಗಳೂರಿನಂತಹ ಪಟ್ಟಣದಲ್ಲಿ ಜೀವಮಾನದ ಗಳಿಕೆಯಿಂದ ಮನೆ ಕಟ್ಟಿಸುವವನು ತನ್ನ ಮಕ್ಕಳಿಗೆ ಗೋಡೆಗಳನ್ನು ಮಾತ್ರವಲ್ಲದೆ, ಮುಂದೆ ಅವರು ತೆರೆದು ನೋಡಿ ತಿದ್ದಿಕೊಳ್ಳಬಹುದಾದ ನಕ್ಷೆಯನ್ನೂ ಬಿಟ್ಟುಹೋಗುವಂತಾದರೆ ಈ ಪ್ರಾಮಾಣ್ಯವಿಚಾರವು ಸಾರ್ಥಕವೆನ್ನಬಹುದು.