ಮನುಷ್ಯರ ಪಾಪ, ಭೂತದ ತಲೆಗೆ

ಫ್ಯಾಂಟಸಿ ಸ್ಟಾರ್ ಎಂಬ ವಿಡಿಯೊ ಗೇಮ್ ಸರಣಿಯ ಮಾತು ಬಂದರೆ ತೀರ್ಪು ಮೊದಲೇ ತಯಾರಾಗಿರುತ್ತದೆ. ಒಂದನೆಯದಕ್ಕೆ ವಯಸ್ಸಾಯಿತು, ಎರಡನೆಯದು ಜೀವ ಹಿಂಡುತ್ತದೆ, ಮೂರನೆಯದನ್ನು ಲೆಕ್ಕಕ್ಕೇ ಹಿಡಿಯಬೇಡಿ, ನಾಲ್ಕನೆಯದು ಕಿರೀಟ. 1993ರ ಡಿಸೆಂಬರಿನಲ್ಲಿ ಸೆಗಾ ಕಂಪನಿ ಮೆಗಾ ಡ್ರೈವ್ ಎಂಬ ತನ್ನ ಗೇಮ್ ಯಂತ್ರಕ್ಕೆಂದು ಜಪಾನಿನಲ್ಲಿ ಹೊರತಂದ ಆಟ ಈ ನಾಲ್ಕನೆಯದು. 1995ರಲ್ಲಿ ಅಮೆರಿಕಕ್ಕೆ ಬಂದಾಗ ಕಾರ್ಟ್ರಿಡ್ಜ್‌ನ ಬೆಲೆ ಹತ್ತಿರ ಹತ್ತಿರ 100 ಡಾಲರ್. ಅಷ್ಟು ಕೊಟ್ಟವರು ಬೈದುಕೊಳ್ಳಲಿಲ್ಲ, ಹೊಗಳಿದರು. ಹೊಗಳಿಕೆಯ ಮುಖ್ಯ ಕಾರಣ ಇವತ್ತಿಗೂ ಒಂದೇ: 1987ರ ಮೊದಲ ಆಟದಿಂದ ಬಿಡಿಬಿಡಿಯಾಗಿ ಬಿದ್ದಿದ್ದ ಎಳೆಗಳನ್ನು ಇದು ಗಂಟು ಹಾಕಿತು.

ನನ್ನ ತಕರಾರು ಇರುವುದು ಆ ಗಂಟಿನ ಬಗ್ಗೆಯೇ. ಆಟ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದರ ಅತಿ ದೊಡ್ಡ ಗುಣವೆಂದು ಜನ ಎತ್ತಿ ತೋರಿಸುವ ಜಾಗದಲ್ಲೇ ಅದು ಸೋತಿದೆ.

ಏನನ್ನು ಗಂಟು ಹಾಕಿತು ಎಂದು ತಿಳಿಯಲು 1989ರ ಎರಡನೆಯ ಆಟಕ್ಕೆ ಹೋಗಬೇಕು. ಆಲ್ಗೋಲ್ ಸೌರಮಂಡಲದ ಮೋಟವಿಯಾ ಎಂಬ ಮರಳುಗಾಡಿನ ಗ್ರಹವನ್ನು ಮದರ್ ಬ್ರೈನ್ ಎಂಬ ಕಂಪ್ಯೂಟರು ಹಸಿರು ಮಾಡಿದೆ. ಮಳೆ, ಬೆಳೆ, ಕೊನೆಗೆ ಸತ್ತವರನ್ನು ದುಡ್ಡಿಗೆ ಎಬ್ಬಿಸುವ ಕ್ಲೋನ್ ಲ್ಯಾಬ್ ಕೂಡ ಅದರ ಕೃಪೆ. ಜನ ಕೈಕಟ್ಟಿ ಕೂತಿದ್ದಾರೆ. ನಾಯಕ ರಾಲ್ಫ್ ಸರ್ಕಾರದ ಏಜೆಂಟು. ಅವನ ಜೊತೆಗೆ ನೇ ಎಂಬ ಹುಡುಗಿ ಇದ್ದಾಳೆ, ಮನುಷ್ಯ ಮತ್ತು ಪ್ರಾಣಿಯ ಜೀವಕೋಶ ಬೆರೆಸಿ ಲ್ಯಾಬಿನಲ್ಲಿ ಮಾಡಿದ ಜೀವ. ಕಥೆಯ ನಡುವೆ ಅವಳು ತನ್ನದೇ ಇನ್ನೊಂದು ರೂಪದ ಎದುರು ಹೋರಾಡಿ ಸಾಯುತ್ತಾಳೆ. ಅಲ್ಲಿಯವರೆಗೆ ತಂಡದಲ್ಲಿ ಯಾರು ಸತ್ತರೂ ಲ್ಯಾಬಿಗೆ ಹೊತ್ತೊಯ್ದು ದುಡ್ಡು ಕಟ್ಟಿ ಕರೆತಂದ ಆಟಗಾರನಿಗೆ, ಇವಳ ವಿಷಯದಲ್ಲಿ ಮಾತ್ರ ಅದೇ ಲ್ಯಾಬು ಆಗುವುದಿಲ್ಲ ಎನ್ನುತ್ತದೆ. ಜೇಬಲ್ಲಿ ಎಷ್ಟು ದುಡ್ಡಿದ್ದರೂ ಅಷ್ಟೇ. ಆಮೇಲೆ ಅದೇ ಸೌರಮಂಡಲದ ಪಾಲ್ಮಾ ಗ್ರಹದ ಮೇಲೆ ಉಪಗ್ರಹವೊಂದು ಬಿದ್ದು ಇಡೀ ಗ್ರಹವೇ ಚೂರಾಗುತ್ತದೆ. ಕೊನೆಯಲ್ಲಿ ಇದನ್ನೆಲ್ಲ ಮಾಡಿಸಿದವರು ಎದುರಾದರೆ ಅವರು ರಾಕ್ಷಸರೇನಲ್ಲ. ಭೂಮಿಯವರು. ತಮ್ಮ ಗ್ರಹವನ್ನು ಬಾಚಿ ತಿಂದು ಮುಗಿಸಿ, ಇನ್ನೊಬ್ಬರ ಸೌರಮಂಡಲಕ್ಕೆ ಕೈ ಹಾಕಿದವರು. ಅವರ ಬಾಹ್ಯಾಕಾಶ ಹಡಗಿನೊಳಗೆ ರಾಲ್ಫನ ತಂಡ ಅವರ ಮೇಲೆ ಬೀಳುತ್ತದೆ; ಯಾರು ಗೆದ್ದರು, ಯಾರು ಉಳಿದರು ಹೇಳದೆ ಆಟ ಮುಗಿಯುತ್ತದೆ.

ಟಿವಿಗೆ ಸಿಕ್ಕಿಸಿ ಆಡುವ ಆಟ 1989ರಲ್ಲಿ ಹೀಗೆ ಮುಗಿಯಿತು ಎನ್ನುವುದು ಸಣ್ಣ ಮಾತಲ್ಲ. ಕಂಟ್ರೋಲರ್ ಹಿಡಿದು ಕೂತವನಿಗೆ ಖಳನಾಯಕ ನಿನ್ನ ಕುಲದವನೇ ಎಂದು ಹೇಳಿ ಎದ್ದುಹೋದ ಆಟ ಅದು.

ನಾಲ್ಕನೆಯ ಆಟ ಅದರಿಂದ ಸಾವಿರ ವರ್ಷ ಮುಂದಿನದು. ಇದರ ಮೊದಲರ್ಧದ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ಮದರ್ ಬ್ರೈನ್ ಹೋಗಿದೆ, ಮೋಟವಿಯಾ ಮತ್ತೆ ಮರಳಾಗುತ್ತಿದೆ. ಜನ ಮಣ್ಣಿನ ಬಣ್ಣದ ಊರುಗಳಲ್ಲಿ ಹೇಗೋ ಬದುಕುತ್ತಿದ್ದಾರೆ. ತಮ್ಮ ಕಾಲಡಿಯಲ್ಲಿ ಹಳೆಯ ಯಂತ್ರಗಳು ಇನ್ನೂ ಓಡುತ್ತಿವೆ, ಅವು ಹದಗೆಟ್ಟಿದ್ದರಿಂದಲೇ ಊರ ಸುತ್ತ ವಿಕಾರ ಪ್ರಾಣಿಗಳು ಹುಟ್ಟುತ್ತಿವೆ ಎಂಬುದು ಅವರಿಗೆ ಗೊತ್ತೇ ಇಲ್ಲ. ಬೇಟೆಗಾರ್ತಿ ಆಲಿಸ್ ಮತ್ತು ಅವಳ ಶಿಷ್ಯ ಚಾಜ್ ಪಿಯಾಟಾದ ವಿದ್ಯಾಪೀಠಕ್ಕೆ ಬರುವುದು ನೆಲಮಾಳಿಗೆಯ ಪ್ರಾಣಿಗಳನ್ನು ಹೊಡೆಯುವ ಕೂಲಿಗೆ. ಜಗತ್ತನ್ನು ಉಳಿಸುವ ಮಾತು ಯಾರ ಬಾಯಲ್ಲೂ ಇಲ್ಲ. ಆಲಿಸ್‌ಗೆ ಸಂಭಾವನೆ ಎಷ್ಟು ಎನ್ನುವುದೇ ಮುಖ್ಯ. ತಾನು ಯಾವುದರ ಮೇಲೆ ನಿಂತಿದ್ದೇನೆಂದು ಮರೆತ ಸಮಾಜ, ಆ ಮರೆವಿನ ಬಿಲ್ಲು ಕಟ್ಟಬೇಕಾದ ಕೂಲಿಯವರು: ವಿಜ್ಞಾನ ಕಥೆಗೆ ಇದಕ್ಕಿಂತ ಒಳ್ಳೆಯ ನೆಲೆ ಬೇಕೆ?

ಆಡುವ ಸುಖವೂ ಇಲ್ಲಿ ಬೇರೆಯೇ. ಬೆಂಕಿಯ ವಿದ್ಯೆಯನ್ನು ಒಬ್ಬ, ಗಾಳಿಯ ವಿದ್ಯೆಯನ್ನು ಇನ್ನೊಬ್ಬ ಒಬ್ಬರ ಹಿಂದೊಬ್ಬರು ಪ್ರಯೋಗಿಸಿದರೆ ಎರಡೂ ಕೂಡಿ ಬೆಂಕಿಯ ಬಿರುಗಾಳಿ ಏಳುತ್ತದೆ. ಇಂಥ ಜೋಡಣೆಗಳ ಪಟ್ಟಿಯನ್ನು ಆಟ ಕೈಗೆ ಕೊಡುವುದಿಲ್ಲ. ಆಡುತ್ತಾ ಆಡುತ್ತಾ ಸಿಗಬೇಕು. ಸಿಕ್ಕಿದ ಸರದಿಯನ್ನು ಮ್ಯಾಕ್ರೊ ಎಂದು ಬರೆದಿಟ್ಟುಕೊಂಡರೆ ಮುಂದಿನ ಕದನಕ್ಕೆ ಒಂದೇ ಆಜ್ಞೆ ಸಾಕು. ಕಥೆಯ ಘಟ್ಟಗಳು ಕಾಮಿಕ್ಸ್ ಪುಟದಂತೆ ಒಂದರ ಮೇಲೊಂದು ಚೌಕ ಬಿದ್ದು ಪರದೆ ತುಂಬುತ್ತವೆ. ಅರ್ಧದಾರಿಯಲ್ಲೇ ಆಲಿಸ್ ಸಾಯುವಾಗ ಆ ಚೌಕಗಳು ಮಾಡುವ ಕೆಲಸ ಇವತ್ತಿನ ಎಷ್ಟೋ ದುಬಾರಿ ಆಟಗಳ ವಿಡಿಯೊ ದೃಶ್ಯಗಳಿಗೆ ಆಗುವುದಿಲ್ಲ. ಮೊದಲೆರಡು ಆಟಗಳ ಚಿತ್ರ ಬರೆದ ರಿಯೆಕೊ ಕೊಡಾಮಾ ಇದರ ನಿರ್ದೇಶಕಿ. ಆಕೆಯ ಕಣ್ಣು ಈ ಪುಟಗಳಲ್ಲಿ ಕಾಣುತ್ತದೆ. (ಮೂರನೆಯ ಆಟ ಬೇರೆ ತಂಡದ ಕೈಯಲ್ಲಿತ್ತು. ಅದನ್ನು ಬೈಯುವುದು ಈಗ ಒಂದು ಆಚಾರ. ನಾಯಕ ಯಾರನ್ನು ಮದುವೆಯಾದ ಎಂಬುದರ ಮೇಲೆ ಮುಂದಿನ ತಲೆಮಾರಿನ ನಾಯಕ ಯಾರೆಂದು ತೀರ್ಮಾನವಾಗುವ ಆಟವನ್ನು 1990ರಲ್ಲೇ ಮಾಡಿದವರಿಗೆ ಇಷ್ಟು ಬೈಗುಳ ಸಲ್ಲದು.)

ಆಮೇಲೆ ಗಂಟು ಹಾಕುವ ಕೆಲಸ ಶುರುವಾಗುತ್ತದೆ. ಹುಚ್ಚು ಹಿಡಿದ ಯಂತ್ರಗಳ ಹಿಂದೆ ಜಿಯೋ ಎಂಬ ಮಾಂತ್ರಿಕ. ಅವನ ಹಿಂದೆ ಡಾರ್ಕ್ ಫೋರ್ಸ್ ಎಂಬ ಭೂತ. ಅದರ ಹಿಂದೆ ಇನ್ನೊಂದು, ಇಡೀ ಕತ್ತಲೆಯ ಮೂಲಶಕ್ತಿ. ಹಿಂದೆ ಯಾವುದೋ ಯುಗದಲ್ಲಿ ಬೆಳಕಿನ ಶಕ್ತಿಯೊಂದು ಈ ಕತ್ತಲೆಯನ್ನು ಸೋಲಿಸಿ ಕೂಡಿಹಾಕಿತಂತೆ. ಆಲ್ಗೋಲಿನ ಗ್ರಹಗಳೇ ಆ ಸೆರೆಮನೆಯ ಬೀಗಗಳಂತೆ. ಸಾವಿರ ವರ್ಷಕ್ಕೊಮ್ಮೆ ಬೀಗ ಸಡಿಲವಾಗುತ್ತದೆ, ಪಾಲ್ಮಾ ಒಡೆದದ್ದೆಂದರೆ ಒಂದು ಬೀಗ ಒಡೆದಂತೆ.

ಇದನ್ನೇ ಅಭಿಮಾನಿಗಳು ಎಲ್ಲದಕ್ಕೂ ಅರ್ಥ ಸಿಕ್ಕಿತು ಎಂದು ಮೆಚ್ಚುವುದು. ಸಿಕ್ಕ ಅರ್ಥಕ್ಕೆ ತೆತ್ತ ಬೆಲೆಯನ್ನೂ ನೋಡಬೇಕು. ಎರಡನೆಯ ಆಟದಲ್ಲಿ ಪಾಲ್ಮಾ ನಾಶವಾದದ್ದು ಒಂದು ಜನಾಂಗದ ದುರಾಸೆಯಿಂದ. ಈಗ ಅದು ಕತ್ತಲೆ ಬೆಳಕಿನ ಜಗಳದ ಒಂದು ಲೆಕ್ಕವಾಯಿತು. ಕೋಟಿಗಟ್ಟಲೆ ಜನರ ಸಾವು ಒಂದು ಬೀಗದ ಕಥೆಯಾಯಿತು. ಭೂಮಿಯವರು ಹಿಂದಕ್ಕೆ ಸರಿದರು, ಅವರ ಜೊತೆ ನಾವೂ ಬಚಾವಾದೆವು. ಡಾರ್ಕ್ ಫೋರ್ಸ್ ಎರಡನೆಯ ಆಟದಲ್ಲೂ ಇತ್ತಲ್ಲ ಎಂದು ಯಾರಾದರೂ ಕೇಳಬಹುದು. ಇತ್ತು. ಆದರೆ ಅಲ್ಲಿ ಅದನ್ನು ಮುಗಿಸಿದ ಮೇಲೆಯೇ ಭೂಮಿಯವರು ಎದುರು ಬರುವುದು. ಕೊನೆಯ ಮಾತು ಮನುಷ್ಯರದಾಗಿತ್ತು. ಇಲ್ಲಿ ಕ್ರಮ ತಿರುಗಿದೆ, ಕೊನೆಯ ಮಾತು ಭೂತದ್ದು.

ಆಟ ಮಾಡಿದವರಿಗೂ ಇದು ಚುಚ್ಚಿರಬೇಕು ಅನ್ನಿಸುತ್ತದೆ. ಯಾಕೆಂದರೆ ಆಲ್ಗೋಲಿನ ಜನ ಹುಟ್ಟಿದ್ದೇ ಈ ಬೀಗ ಕಾಯುವುದಕ್ಕೆ ಎಂದು ಗೊತ್ತಾದಾಗ ಚಾಜ್ ಸಿಟ್ಟಾಗುತ್ತಾನೆ. ಯಾವುದೋ ಬೆಳಕು ತನ್ನ ಕೆಲಸಕ್ಕೆಂದು ನಮ್ಮನ್ನು ಮಾಡಿಟ್ಟು ಹೋಗಿದೆ, ಅದರ ಪರವಾಗಿ ನಾನೇಕೆ ಹೊಡೆದಾಡಲಿ ಎನ್ನುವುದು ಅವನ ಪ್ರಶ್ನೆ. ಇಡೀ ಸರಣಿಯಲ್ಲಿ ಇದಕ್ಕಿಂತ ಪ್ರಾಮಾಣಿಕವಾದ ಗಳಿಗೆ ಇನ್ನೊಂದಿಲ್ಲ. ಕಥೆಯ ನಾಯಕನೇ ಕಥೆಯ ವಿವರಣೆಯನ್ನು ಒಪ್ಪಲಾರೆ ಎನ್ನುತ್ತಿದ್ದಾನೆ! ಅವನಿಗೆ ಉತ್ತರವಾಗಿ ಆಟ ಎಲ್ಸಿಡಿಯನ್ ಎಂಬ ಕತ್ತಿಯನ್ನು ಕೊಡುತ್ತದೆ. ಹಿಡಿದೊಡನೆ ಹಿಂದಿನ ಹೋರಾಟಗಾರರ ಮುಖಗಳು ಅವನೆದುರು ತೇಲಿಬರುತ್ತವೆ, ಅವರ ಆಸೆಯೆಲ್ಲ ಇವನೊಳಗೆ ಇಳಿಯುತ್ತದೆ. ಅಭಿಮಾನಿಗಳ ಕಣ್ಣು ತೇವವಾಗುವುದು ಇಲ್ಲೇ. ನನಗೆ ಇಲ್ಲಿ ಕಿರಿಕಿರಿಯಾಗುತ್ತದೆ. ಆ ಸಾಲಿನಲ್ಲಿ ನೇ ಕೂಡ ಇದ್ದಾಳೆ. ಇನ್ನೊಬ್ಬರು ತಮ್ಮ ಕೆಲಸಕ್ಕೆ ಮಾಡಿಟ್ಟು ಕೊನೆಗೆ ಸಾಯಲು ಬಿಟ್ಟ ಜೀವವೆಂದರೆ ಅವಳೇ; ಚಾಜ್‌ನ ಪ್ರಶ್ನೆಯನ್ನು ಅವನಿಗಿಂತ ಮೊದಲು ಕೇಳುವ ಹಕ್ಕಿದ್ದವಳು. ಅವಳ ಮುಖವನ್ನು ತಂದು ಆ ಪ್ರಶ್ನೆಯನ್ನೇ ಸಮಾಧಾನ ಮಾಡಿಸಿದ್ದಾರೆ. ನಾನು ಬೆಳಕಿಗಾಗಿ ಹೋಗುವುದಿಲ್ಲ, ನನ್ನ ಜನಕ್ಕಾಗಿ ಹೋಗುತ್ತೇನೆ ಎಂಬ ಧಾಟಿಯಲ್ಲಿ ಚಾಜ್ ಹೊರಡುತ್ತಾನೆ, ಆ ಮಟ್ಟಿಗೆ ಮಾನ ಉಳಿಯಿತು. ಆದರೆ ಹೋಗುವುದು ಬೆಳಕು ಹೇಳಿದ ಜಾಗಕ್ಕೇ, ಹೊಡೆಯುವುದು ಅದು ಹೇಳಿದ ಶತ್ರುವನ್ನೇ.

ಆದ್ದರಿಂದ ಹೊಸಬರಿಗೆ ಎಲ್ಲರೂ ಕೊಡುವ ಸಲಹೆಯನ್ನು, ಅಂದರೆ ಉಳಿದವನ್ನು ಬಿಟ್ಟು ಸೀದಾ ನಾಲ್ಕನೆಯದನ್ನು ಆಡಿ ಎನ್ನುವುದನ್ನು, ನಾನು ಒಪ್ಪುವುದಿಲ್ಲ. ಎರಡನೆಯದು ಗೋಳು ಹುಯ್ದುಕೊಳ್ಳುತ್ತದೆ ನಿಜ. ಅದರ ಕೋಟೆಗಳಲ್ಲಿ ಗುಂಡಿಗೆ ಬಿದ್ದು ಕೆಳಮಹಡಿಗೆ ಹೋಗಿ ಮತ್ತೆ ಮೇಲೆ ಹತ್ತುವುದರಲ್ಲೇ ಸಂಜೆಯಾಗುತ್ತದೆ. ಅಮೆರಿಕದಲ್ಲಿ ಡಬ್ಬಿಯೊಳಗೇ ದಾರಿ ತೋರಿಸುವ ಪುಸ್ತಕ ಇಟ್ಟು ಮಾರಿದ ಆಟ ಅದು. ನಕ್ಷೆ ನೋಡಿಕೊಂಡೇ ಆಡಿ, ನಾಚಿಕೆ ಬೇಡ. ಆ ಹಡಗಿನವರೆಗೆ ಹೋಗಿಬಂದು ಆಮೇಲೆ ನಾಲ್ಕನೆಯದನ್ನು ಎತ್ತಿಕೊಂಡರೆ, ಚಾಜ್ ಒಲ್ಲೆ ಎಂದಾಗ ಅವನ ಪಕ್ಷ ವಹಿಸಲು ಕಾರಣಗಳು ನಿಮ್ಮ ಕೈಯಲ್ಲಿರುತ್ತವೆ.