ಗಾಲಿಯ ಮೇಲಿನ ಮನೆಗೆ ಎಷ್ಟು ಕೆವಿಎ?

ಬೆಂಗಳೂರು ದಂಡಿನ ಅಂಗಡಿಬೀದಿಗಳಿಗೂ ಜನರೇಟರಿಗೂ ಹಳೆಯ ನಂಟು. ತೊಂಬತ್ತರ ದಶಕದ ಲೋಡ್ ಶೆಡ್ಡಿಂಗ್ ದಿನಗಳಲ್ಲಿ ಕಮರ್ಷಿಯಲ್ ಸ್ಟ್ರೀಟಿನಲ್ಲಾಗಲಿ, ಶಿವಾಜಿನಗರದ ರಸೆಲ್ ಮಾರ್ಕೆಟ್ ಸುತ್ತಲಾಗಲಿ, ಹಲಸೂರಿನ ಅಂಗಡಿ ಸಾಲಿನಲ್ಲಾಗಲಿ ಕರೆಂಟ್ ಹೋದ ಕೂಡಲೇ ಮೆಟ್ಟಿಲ ಬಳಿ ಒಬ್ಬ ಹುಡುಗ ಬಗ್ಗಿ ಹಗ್ಗ ಎಳೆಯುತ್ತಿದ್ದ. ಶ್ರೀರಾಮ್ ಹೋಂಡಾ, ಬಿರ್ಲಾ ಯಮಹಾ ಎಂಬ ಹೆಸರುಗಳು ವ್ಯಾಪಾರಿಗಳಿಗೆ ಬಾಯಿಪಾಠ. ಪೆಟ್ರೋಲಿನಲ್ಲಿ ಹೊತ್ತಿಸಿ, ಎಂಜಿನ್ ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸಿದರೆ ಆಯಿತು. ಟ್ಯೂಬ್‌ಲೈಟು, ಫ್ಯಾನು ಮತ್ತೆ ಜೀವ ಪಡೆಯುತ್ತಿದ್ದವು. ಕೊಳ್ಳುವವರ ಪ್ರಶ್ನೆ ಒಂದೇ: ಎಷ್ಟು ಲೋಡ್ ಎಳೆಯುತ್ತೆ? ಸದ್ದಿನ ಮಾತನ್ನು ಯಾರೂ ಎತ್ತುತ್ತಿರಲಿಲ್ಲ, ಬೀದಿಯೆಲ್ಲ ಅದೇ ಸದ್ದು. ಹೊಗೆಯ ಚಿಂತೆಯೂ ಇರಲಿಲ್ಲ, ಯಂತ್ರ ಇರುತ್ತಿದ್ದುದು ಫುಟ್‌ಪಾತಿನ ಬಯಲಲ್ಲಿ.

ಆ ಬೀದಿಗೆ ಆ ಪ್ರಶ್ನೆ ಸರಿಯಾಗಿಯೇ ಇತ್ತು. ಅದೇ ಪ್ರಶ್ನೆಯನ್ನು ಇವತ್ತು ಕ್ಯಾಂಪರ್ ವ್ಯಾನ್‌ಗೂ ಕೇಳುತ್ತಿರುವುದು ನನ್ನ ತಕರಾರು. ಕರ್ನಾಟಕದ 2020-26ರ ಪ್ರವಾಸೋದ್ಯಮ ನೀತಿ ಕ್ಯಾರವಾನ್ ಪ್ರವಾಸಕ್ಕೆ ಜಾಗ ಕೊಟ್ಟಿತು. ಅದೇ ಹೊತ್ತಿಗೆ ಕೋವಿಡ್ ಬಂದು, ಹೋಟೆಲಿಗಿಂತ ಸ್ವಂತ ಹಾಸಿಗೆಯೇ ವಾಸಿ ಎಂಬ ಭಾವನೆ ಬೆಳೆಯಿತು. ಈಗ ಟ್ರಾವೆಲರ್ ವ್ಯಾನನ್ನೇ ಮನೆಯಾಗಿ ಮಾರ್ಪಡಿಸಿಕೊಂಡು ಸಕಲೇಶಪುರಕ್ಕೋ ಗೋಕರ್ಣಕ್ಕೋ ಹೊರಡುವ ಕುಟುಂಬಗಳು ಇಂದಿರಾನಗರ, ಕೆ.ಆರ್.ಪುರಗಳ ಕಡೆಯೂ ಇವೆ. ಒಳಗೆ ಮಂಚ, ಫ್ರಿಜ್, ಒಲೆ, ಚಾವಣಿಯ ಮೇಲೆ ಎಸಿ. ವೈರಿಂಗ್ ಮುಗಿಯುವ ಹೊತ್ತಿಗೆ ಜನರೇಟರಿನ ಮಾತು ಬರುತ್ತದೆ. ಸಿಗುವ ಸಲಹೆಯೂ ಸಿದ್ಧವಾಗಿರುತ್ತದೆ: “ಎಸಿ ಇದೆಯಲ್ಲ ಸಾರ್, ದೊಡ್ಡದೇ ಹಾಕಿಬಿಡಿ, ಮುಂದಕ್ಕೆ ತಲೆನೋವಿರಲ್ಲ.”

ತಲೆನೋವು ಶುರುವಾಗುವುದೇ ಅಲ್ಲಿಂದ. ಅಂಗಡಿಗೆ ಕರೆಂಟ್ ಬೇಕಾಗಿದ್ದುದು ಎರಡು ಮೂರು ಗಂಟೆ, ಅದೂ ಎಲ್ಲರೂ ಎಚ್ಚರವಿರುವಾಗ. ವ್ಯಾನಿಗೆ ಬೇಕಾಗಿರುವುದು ರಾತ್ರಿಯಿಡೀ, ಎಲ್ಲರೂ ಮಲಗಿರುವಾಗ, ಯಂತ್ರದಿಂದ ಮಾರುದೂರದಲ್ಲಿ. ಆದ್ದರಿಂದ ಜನರೇಟರ್ ಎಷ್ಟು ಲೋಡ್ ಎಳೆಯುತ್ತದೆ ಎಂದು ಕೇಳುವ ಮೊದಲು, ದಿನಕ್ಕೆ ಎಷ್ಟು ಗಂಟೆ ಅದನ್ನು ಆರಿಸಿಡಬಹುದು ಎಂದು ಕೇಳಬೇಕು. ಈ ಅಳತೆಗೋಲು ಹಿಡಿದರೆ ಆಯ್ಕೆಯ ಲೆಕ್ಕವೇ ಬದಲಾಗುತ್ತದೆ.

ಮೊದಲು ಯಂತ್ರದ ಗುಣ. ಹಳೆಯ ಮಾದರಿಯ ಸಣ್ಣ ಜನರೇಟರ್ 50 ಹರ್ಟ್ಸ್ ಕೊಡಬೇಕಾದರೆ ಎಂಜಿನ್ ನಿಮಿಷಕ್ಕೆ 3,000 ಸುತ್ತು ಸುತ್ತಲೇಬೇಕು. ಒಂದು ಬಲ್ಬು ಉರಿಯುತ್ತಿದ್ದರೂ ಅಷ್ಟೇ, ಹತ್ತು ಉರಿಯುತ್ತಿದ್ದರೂ ಅಷ್ಟೇ. ಇನ್ವರ್ಟರ್ ಜನರೇಟರ್ ಹುಟ್ಟಿಸಿದ ವಿದ್ಯುತ್ತನ್ನು ಒಮ್ಮೆ ಡಿಸಿ ಮಾಡಿ, ಆಮೇಲೆ ಎಲೆಕ್ಟ್ರಾನಿಕ್ ಬೋರ್ಡಿನ ಮೂಲಕ 230 ವೋಲ್ಟಿನ ನುಣುಪಾದ ಎಸಿ ವಿದ್ಯುತ್ತಾಗಿ ಹೊರಬಿಡುತ್ತದೆ. ಹಾಗಾಗಿ ಎಂಜಿನ್ನಿನ ವೇಗಕ್ಕೂ ಹೊರಬರುವ ವಿದ್ಯುತ್ತಿನ ಲಯಕ್ಕೂ ಕಟ್ಟು ಇಲ್ಲ. ಲೋಡ್ ಕಡಿಮೆಯಾದರೆ ಎಂಜಿನ್ ತಗ್ಗುತ್ತದೆ, ಸದ್ದು ತಗ್ಗುತ್ತದೆ. ಲ್ಯಾಪ್‌ಟಾಪ್, ಬಿಎಲ್‌ಡಿಸಿ ಫ್ಯಾನ್, ಬ್ಯಾಟರಿ ಚಾರ್ಜರಿನಂಥ ಸೂಕ್ಷ್ಮ ಸಾಮಾನಿಗೆ ಈ ನುಣುಪು ಮುಖ್ಯ. ವ್ಯಾನಿಗೆ ಇನ್ವರ್ಟರ್ ಮಾದರಿಯೇ ಬೇಕು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ.

ಆದರೆ ಅದರ ಫಲಕವನ್ನು ಕಣ್ಣು ಬಿಟ್ಟು ಓದಬೇಕು. ದೊಡ್ಡಕ್ಷರದಲ್ಲಿರುವುದು ಹೆಚ್ಚಾಗಿ ಗರಿಷ್ಠ ಸಾಮರ್ಥ್ಯ. ಕೆಲವು ನಿಮಿಷಗಳ ಮಟ್ಟಿಗೆ ಮಾತ್ರ ಕೊಡಬಲ್ಲದ್ದು. ಸತತವಾಗಿ ಕೊಡುವುದು ಅದರ ಕೆಳಗೆ ಸಣ್ಣಕ್ಷರದಲ್ಲಿರುತ್ತದೆ. ಹೊರದೇಶಗಳ ಕ್ಯಾಂಪರ್ ಜನ ಮೆಚ್ಚಿದ ಹೋಂಡಾ ಇಯು 22 ಐ ಮಾದರಿಯ ಹೆಸರು 2.2 ಕೆವಿಎ ನೆನಪಿಸುತ್ತದೆ, ಸತತವಾಗಿ ದಕ್ಕುವುದು 1.8. ಇದಕ್ಕೆ ನಮ್ಮೂರಿನ ಲೆಕ್ಕವೊಂದನ್ನು ಸೇರಿಸಬೇಕು. ಸಮುದ್ರಮಟ್ಟದಿಂದ ಪ್ರತಿ 300 ಮೀಟರ್ ಮೇಲೇರಿದಂತೆ ಕಾರ್ಬೊರೇಟರ್ ಎಂಜಿನ್ನಿನ ತಾಕತ್ತು ಸುಮಾರು ಶೇ 3.5ರಷ್ಟು ಕುಗ್ಗುತ್ತದೆ. ಬೆಂಗಳೂರು ಇರುವುದು ಸುಮಾರು 920 ಮೀಟರ್ ಎತ್ತರದಲ್ಲಿ. ಅಂದರೆ ಅಂಗಡಿಯಿಂದ ಹೊರಬೀಳುವ ಮೊದಲೇ ಹತ್ತರಲ್ಲಿ ಒಂದು ಪಾಲು ಹೋಯಿತು. 2,240 ಮೀಟರಿನ ಊಟಿಗೆ ಒಯ್ದರೆ ಕಾಲು ಭಾಗಕ್ಕಿಂತ ಹೆಚ್ಚು ಖೋತಾ. ಕೊಳ್ಳುವಾಗ ಈ ಲೆಕ್ಕವನ್ನು ಯಾರೂ ಹೇಳುವುದಿಲ್ಲ, ಕೇಳುವವರೂ ವಿರಳ.

ಇನ್ನು ನಿಜವಾದ ಖರ್ಚನ್ನು ಬೆಸ್ಕಾಂ ಬಿಲ್ಲಿನ ಯೂನಿಟ್ ಲೆಕ್ಕದಲ್ಲೇ ನೋಡೋಣ. ವ್ಯಾನಿನ 12 ವೋಲ್ಟಿನ ಫ್ರಿಜ್ ದಿನಕ್ಕೆ ಅರ್ಧ ಯೂನಿಟ್ ತಿನ್ನುತ್ತದೆ. 28 ವ್ಯಾಟಿನ ಒಂದು ಫ್ಯಾನ್ ಹತ್ತು ಗಂಟೆ ತಿರುಗಿದರೆ ಕಾಲು ಯೂನಿಟ್ಟಿನ ಮೇಲೆ ಸ್ವಲ್ಪ. ದೀಪ, ಫೋನು, ಲ್ಯಾಪ್‌ಟಾಪು, ನೀರಿನ ಪಂಪು ಎಲ್ಲ ಸೇರಿ ಇನ್ನೊಂದು ಅರ್ಧ. ಒಟ್ಟು ದಿನಕ್ಕೆ ಒಂದು ಯೂನಿಟ್‌ಗಿಂತ ತುಸು ಹೆಚ್ಚು. 200 ಆಂಪಿಯರ್-ಅವರ್‌ನ 12.8 ವೋಲ್ಟ್ ಲಿಥಿಯಂ ಬ್ಯಾಟರಿಯಲ್ಲಿ ಎರಡೂವರೆ ಯೂನಿಟ್ ಹಿಡಿಸುತ್ತದೆ. ಎರಡು ದಿನಕ್ಕೆ ಸಾಕು. ವಾಹನದ ಎಂಜಿನ್ನಿಗೇ 30 ಆಂಪಿನ ಚಾರ್ಜರ್ ಜೋಡಿಸಿದರೆ ಗಂಟೆಗೆ ಸುಮಾರು 0.4 ಯೂನಿಟ್ ತುಂಬುತ್ತದೆ. ಬೆಂಗಳೂರಿನಿಂದ ಸಕಲೇಶಪುರ ತಲುಪುವ ಹೊತ್ತಿಗೆ ಒಂದು ದಿನದ ಖರ್ಚು ಬ್ಯಾಟರಿಯೊಳಗೆ ಕೂತಿರುತ್ತದೆ. ಚಾವಣಿಯ ಮೇಲೆ 400 ವ್ಯಾಟಿನ ಸೋಲಾರ್ ಇದ್ದರೆ ಬಿಸಿಲಿನ ದಿನ ಇನ್ನೊಂದು ಯೂನಿಟ್ಟಿಗೆ ಮೋಸವಿಲ್ಲ.

ಹಾಗಾದರೆ ಜನರೇಟರ್ ಯಾವಾಗ ಬೇಕು? ಮಲೆನಾಡಿನ ಜುಲೈ ಮಳೆಯಲ್ಲಿ, ಒಂದೇ ಕಡೆ ಮೂರು ನಾಲ್ಕು ದಿನ ನಿಂತಾಗ. ಆಗಲೂ 1 ಕೆವಿಎ ಆಸುಪಾಸಿನ ಸಣ್ಣ ಇನ್ವರ್ಟರ್ ಜನರೇಟರ್ ಒಳ್ಳೆಯ ಚಾರ್ಜರಿನ ಮೂಲಕ ದಿನದ ಖರ್ಚನ್ನು ಎರಡು ಗಂಟೆಯೊಳಗೆ ಬ್ಯಾಟರಿಗೆ ತುಂಬಿಸುತ್ತದೆ. ಬೆಳಗಿನ ತಿಂಡಿಯ ಹೊತ್ತಿಗೆ ಓಡಿಸಿ, ಆರಿಸಿ, ಮರೆತುಬಿಡಬಹುದು.

ಪೆಟ್ರೋಲ್ ಲೆಕ್ಕವೂ ಇದನ್ನೇ ಹೇಳುತ್ತದೆ. ಇಯು 22 ಐ ಟ್ಯಾಂಕಿನಲ್ಲಿ ಸುಮಾರು 3.6 ಲೀಟರ್ ಹಿಡಿಸುತ್ತದೆ. ಕಾಲು ಭಾಗ ಲೋಡಿನಲ್ಲಿ ಸುಮಾರು 8 ಗಂಟೆ ಓಡುತ್ತದೆ, ಪೂರ್ತಿ ಲೋಡಿನಲ್ಲಿ 3 ಗಂಟೆ ಚಿಲ್ಲರೆ. ಮೊದಲನೆಯದರಲ್ಲಿ ಲೀಟರಿಗೆ ಒಂದು ಯೂನಿಟ್ ದಕ್ಕಿದರೆ ಎರಡನೆಯದರಲ್ಲಿ ಒಂದೂವರೆ ದಾಟುತ್ತದೆ. ಒಂದು ಫ್ಯಾನು, ಒಂದು ಫ್ರಿಜ್ಜಿಗಾಗಿ ರಾತ್ರಿಯಿಡೀ ಓಡಿಸಿದರಂತೂ ಲೀಟರಿಗೆ ಅರ್ಧ ಯೂನಿಟ್ಟೂ ಸಿಗುವುದಿಲ್ಲ. ನೂರು ರೂಪಾಯಿ ದಾಟಿದ ಪೆಟ್ರೋಲನ್ನು ಹೀಗೆ ಸುಡುವುದು ಒಬ್ಬರನ್ನು ಕೂರಿಸಿಕೊಂಡು ಬಸ್ಸು ಓಡಿಸಿದ ಹಾಗೆ. ಯಂತ್ರ ದೊಡ್ಡದಾದಷ್ಟೂ ಈ ಪೋಲು ಹೆಚ್ಚು.

ಸದ್ದಿನ ವಿಷಯದಲ್ಲಿ ಮಾರಾಟಗಾರರು ಕೊಡುವ ಅಂಕಿಗಳನ್ನು ಒಂದೇ ತಕ್ಕಡಿಗೆ ಹಾಕಬಾರದು. ಪೆಟ್ರೋಲ್, ಸೀಮೆಎಣ್ಣೆ ಜನರೇಟರುಗಳಿಗೆ 2003ರ ಸೆಪ್ಟೆಂಬರ್ 1ರಿಂದ ನಮ್ಮಲ್ಲಿರುವ ಮಿತಿ 86 ಡೆಸಿಬೆಲ್. ಅದು ಯಂತ್ರ ಹೊರಹಾಕುವ ಒಟ್ಟು ಶಬ್ದಶಕ್ತಿ. ಕಂಪನಿಗಳ ಜಾಹೀರಾತಿನಲ್ಲಿ ಕಾಣುವ 50, 57 ಎಂಬ ಸಂಖ್ಯೆಗಳು 7 ಮೀಟರ್ ದೂರದಲ್ಲಿ ಅಳೆದವು. 86ರ ಯಂತ್ರ ಬಯಲಿನಲ್ಲಿ 7 ಮೀಟರ್ ದೂರಕ್ಕೆ ಸುಮಾರು 61 ಕೇಳಿಸುತ್ತದೆ. ಶಬ್ದ ಮಾಲಿನ್ಯದ 2000ದ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮಿತಿ 45. ಅತಿ ಮೆತ್ತಗಿನ ಇನ್ವರ್ಟರ್ ಜನರೇಟರ್ ಕೂಡ ಪಕ್ಕದ ಡೇರೆಯವರ ಕಿವಿಗೆ ಈ ಮಿತಿಯ ಮೇಲೆಯೇ. ಕಮರ್ಷಿಯಲ್ ಸ್ಟ್ರೀಟಿನ ಗದ್ದಲದಲ್ಲಿ ಕರಗುತ್ತಿದ್ದ ಸದ್ದು ಕಾಫಿ ತೋಟದ ರಾತ್ರಿಯಲ್ಲಿ ಕರಗುವುದಿಲ್ಲ. ಅಲ್ಲಿಗೆ ಬಂದವರೆಲ್ಲ ಬಂದಿರುವುದು ಆ ನಿಶ್ಶಬ್ದಕ್ಕಾಗಿಯೇ.

ಇದಕ್ಕಿಂತ ದೊಡ್ಡ ಕಾರಣ ಉಸಿರು. 2024ರ ಡಿಸೆಂಬರಿನಲ್ಲಿ ಕೇರಳದ ವಡಕರದಲ್ಲಿ ರಸ್ತೆ ಬದಿ ನಿಲ್ಲಿಸಿದ್ದ ಕ್ಯಾರವಾನಿನೊಳಗೆ ಇಬ್ಬರು ಶವವಾಗಿ ಸಿಕ್ಕರು. ಕಲ್ಲಿಕೋಟೆಯ ಎನ್‌ಐಟಿಯ ತಜ್ಞರು ಪರೀಕ್ಷೆ ನಡೆಸಿದಾಗ, ಜನರೇಟರಿನ ಕಾರ್ಬನ್ ಮೊನಾಕ್ಸೈಡ್ ವಾಹನದ ನೆಲದ ತೂತಿನ ಮೂಲಕ ಒಳಗೆ ನುಗ್ಗಿದ್ದು ಗೊತ್ತಾಯಿತು. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರಿಗೆ ಎಚ್ಚರವೇ ಆಗುವುದಿಲ್ಲ. ನಮ್ಮಲ್ಲಿ ವ್ಯಾನಿನ ಹೊಟ್ಟೆಯಡಿ ಡಬ್ಬಿ ಮಾಡಿ ಜನರೇಟರ್ ಕೂರಿಸುವ ಪದ್ಧತಿ ಬೆಳೆಯುತ್ತಿದೆ. ವೈರಿಗೆ, ನೀರಿನ ಪೈಪಿಗೆ ಕೊರೆದ ತೂತುಗಳನ್ನು ಸರಿಯಾಗಿ ಮುಚ್ಚದೆ ಬಿಡುವುದೂ ಅಪರೂಪವಲ್ಲ. ನಾನು ಈ ಪದ್ಧತಿಯನ್ನು ಸಾರಾಸಗಟಾಗಿ ವಿರೋಧಿಸುತ್ತೇನೆ. ಯಂತ್ರವನ್ನು ಇಳಿಸಿ, ಗಾಳಿ ಬೀಸುವ ದಿಕ್ಕು ನೋಡಿ, ವಾಹನದಿಂದ ಕನಿಷ್ಠ 6 ಮೀಟರ್ ಆಚೆ ಇಡಬೇಕು. ವ್ಯಾನಿನೊಳಗೆ ಕಾರ್ಬನ್ ಮೊನಾಕ್ಸೈಡ್ ಅಲಾರಂ ಇರಲೇಬೇಕು. ಯಾರೇ ಮಲಗಿರಲಿ, ಜನರೇಟರ್ ಓಡಬಾರದು. ಇಲ್ಲಿ ತೂಕವೇ ನಿರ್ಣಾಯಕ: 21 ಕಿಲೋ ತೂಗುವ ಇಯು 22 ಐ ಯಂತ್ರವನ್ನು ಒಬ್ಬರೇ ಇಳಿಸಿ ದೂರ ಇಡುತ್ತಾರೆ. ಸುಮಾರು 60 ಕಿಲೋ ತೂಗುವ 2.8 ಕೆವಿಎಯ ಇಯು 30 ಐಎಸ್ ಅನ್ನು ಮಳೆಯಲ್ಲಿ ಇಳಿಸುವವರು ಯಾರು? ಅದು ಇದ್ದಲ್ಲೇ ಓಡುತ್ತದೆ.

ಹಳೆಯ ಯಂತ್ರದ ಪರವಾಗಿ ಹೇಳಬೇಕಾದ ನ್ಯಾಯದ ಮಾತೂ ಒಂದಿದೆ. ಎನ್‌ಜಿಇಎಫ್ ಮೋಟಾರು, ಟ್ರಾನ್ಸ್‌ಫಾರ್ಮರುಗಳನ್ನು ತಯಾರಿಸಿದ, ಐಟಿಐ ಟೆಲಿಫೋನ್ ತಯಾರಿಸಿದ ಬೆಂಗಳೂರಿನ ಈ ಪೂರ್ವ ಭಾಗದಲ್ಲಿ ಯಂತ್ರ ಬಿಚ್ಚಿ ಕಟ್ಟುವ ಕೈಗಳಿಗೆ ಎಂದೂ ಬರ ಇರಲಿಲ್ಲ. ಶಿವಾಜಿನಗರದ ಗುಜರಿ ಸಾಲಿನಲ್ಲಿ ಹುಡುಕಿದರೆ ಹಳೆಯ ಎಂಜಿನ್ನಿಗೆ ಬಿಡಿಭಾಗ ಸಿಗುತ್ತಿತ್ತು, ಸುಟ್ಟ ಕಾಯಿಲನ್ನು ರಿವೈಂಡ್ ಮಾಡಿಕೊಡುವವರಿದ್ದರು. ಇನ್ವರ್ಟರ್ ಬೋರ್ಡು ಹಾಗಲ್ಲ. ಅಂಟಿನಲ್ಲಿ ಮುಳುಗಿಸಿ ಗಟ್ಟಿ ಮಾಡಿದ ಒಂದೇ ತುಂಡು. ಹೋದರೆ ಇಡೀ ತುಂಡನ್ನೇ ಬದಲಿಸಬೇಕು, ಬೆಲೆಯೂ ದುಬಾರಿ. ಆದ್ದರಿಂದ ಹೆಸರಿಲ್ಲದ ಆಮದು ಮಾಲು ಎಷ್ಟೇ ಅಗ್ಗವಾಗಿರಲಿ, ಬೋರ್ಡು ಎಲ್ಲಿ ಸಿಗುತ್ತದೆ, ಎಷ್ಟಕ್ಕೆ ಎಂದು ಬರೆಸಿಕೊಳ್ಳದೆ ಕೊಳ್ಳಬಾರದು. ಸೆಕೆಂಡ್ ಹ್ಯಾಂಡ್ ಇನ್ವರ್ಟರ್ ಜನರೇಟರನ್ನು ನಾನು ಯಾರಿಗೂ ಶಿಫಾರಸು ಮಾಡಲಾರೆ.

ಇಂಧನವೂ ಬದಲಾಗಿದೆ. ಎಥೆನಾಲ್ ಬೆರೆತ ಇ-20 ಪೆಟ್ರೋಲಿಗೆ 2023ರ ಫೆಬ್ರುವರಿ 6ರಂದು ಚಾಲನೆ ಸಿಕ್ಕಿದ್ದು ಬೆಂಗಳೂರಿನಲ್ಲೇ. ಎಥೆನಾಲ್ ತೇವ ಹೀರುತ್ತದೆ. ತಿಂಗಳುಗಟ್ಟಲೆ ಸುಮ್ಮನಿರುವ ಜನರೇಟರಿನ ಕಾರ್ಬೊರೇಟರಿಗೆ ಅದು ಒಳ್ಳೆಯದಲ್ಲ. ಪ್ರವಾಸದಿಂದ ಬಂದ ದಿನವೇ ಪೆಟ್ರೋಲ್ ಕಾಕ್ ಮುಚ್ಚಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ಟ್ಯಾಂಕ್ ಖಾಲಿ ಮಾಡಿಡಬೇಕು.

ಎಸಿಯ ಪ್ರಶ್ನೆ ಉಳಿಯಿತು. ಏಪ್ರಿಲ್-ಮೇ ತಿಂಗಳಲ್ಲಿ ಮಂಗಳೂರು, ಕಾರವಾರದ ಕಡೆ ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಎಸಿ ಬೇಕು ಎನ್ನುವುದು ಶೋಕಿಯಲ್ಲ. ಆದರೆ ಒಂದು ಟನ್ನಿನ ಎಸಿ ರಾತ್ರಿಯಿಡೀ ಓಡಿದರೆ ನಾಲ್ಕೈದು ಯೂನಿಟ್ ಬೇಕು. ಹಳೆಯ ಮಾದರಿಯ ಕಂಪ್ರೆಸರ್ ಶುರುವಾಗುವ ಕ್ಷಣದಲ್ಲಿ ಓಡುವಾಗಿನ ಹಲವು ಪಟ್ಟು ಕರೆಂಟ್ ಎಳೆಯುತ್ತದೆ, ಸಣ್ಣ ಜನರೇಟರ್ ಅಲ್ಲೇ ಮುಗ್ಗರಿಸುತ್ತದೆ. ದೊಡ್ಡ ಜನರೇಟರ್ ಮಲಗುವ ಹೊತ್ತಿನಲ್ಲಿ ಓಡಲೇಬಾರದ್ದರಿಂದ ಅದು ಇದಕ್ಕೆ ಪರಿಹಾರವಾಗುವುದಿಲ್ಲ. ತಂಗುವ ಜಾಗದವರಿಗೆ ದುಡ್ಡು ಕೊಟ್ಟು 16 ಆಂಪಿನ ಪಾಯಿಂಟ್ ಪಡೆಯುವುದೇ ಸರಿಯಾದ ದಾರಿ. ಅದು ಸಿಗದ ಕಡೆ ಇನ್ವರ್ಟರ್ ಎಸಿ ಹಾಕಿ, ಬ್ಯಾಟರಿ ಹೆಚ್ಚಿಸಿ, ಮಲಗುವ ಮುನ್ನ ಒಂದೆರಡು ಗಂಟೆ ತಂಪು ಮಾಡಿಕೊಳ್ಳಬೇಕು.

ಕೊಳ್ಳಲು ಹೋಗುವಾಗ ಮನೆಯ 1,000 ವ್ಯಾಟಿನ ಇಸ್ತ್ರಿ ಪೆಟ್ಟಿಗೆಯನ್ನೂ ಒಂದು ದೀಪವನ್ನೂ ಒಯ್ಯಿರಿ. 1.8 ಕೆವಿಎ ಯಂತ್ರವಾದರೆ ಫುಟ್‌ಪಾತಿನ ಮೇಲೆ ಇರಿಸಿ ಲೋಡಿಗೆ ತಕ್ಕಂತೆ ವೇಗ ತಗ್ಗಿಸುವ ಇಕೋ ಸ್ವಿಚ್ ಹಾಕಿ, ದೀಪ ಉರಿಸಿ, ಆಮೇಲೆ ಇಸ್ತ್ರಿ ಪೆಟ್ಟಿಗೆ ಚುಚ್ಚಿ. ಎಂಜಿನ್ ಮೇಲೇರಿ ಒಂದೆರಡು ಕ್ಷಣದಲ್ಲಿ ಒಂದೇ ಲಯಕ್ಕೆ ನಿಲ್ಲಬೇಕು. ಏರುತ್ತಾ ಇಳಿಯುತ್ತಾ ಒದ್ದಾಡಿದರೆ, ದೀಪ ಮಿನುಗಿದರೆ, ಆ ಯಂತ್ರ ಬೇಡ. ಕಾದ ಪೆಟ್ಟಿಗೆ ತಾನಾಗಿ ಆರಿದಾಗ ಎಂಜಿನ್ ಎಷ್ಟು ಬೇಗ ತಗ್ಗುತ್ತದೆ ಎಂಬುದನ್ನೂ ಕೇಳಿಸಿಕೊಳ್ಳಿ. 1 ಕೆವಿಎ ಯಂತ್ರಕ್ಕೆ ನಿಮ್ಮ ಬ್ಯಾಟರಿ ಚಾರ್ಜರನ್ನೇ ಜೋಡಿಸಿ ನೋಡುವುದು ಸೂಕ್ತ. ಇನ್ನೊಂದು ಎಚ್ಚರಿಕೆ: ಇಂಥ ಸಣ್ಣ ಯಂತ್ರಗಳಲ್ಲಿ ಹಲವುಗಳ ನ್ಯೂಟ್ರಲ್ ಚೌಕಟ್ಟಿಗೆ ಸೇರಿರುವುದಿಲ್ಲ. ಹಾಗಿದ್ದರೆ ವ್ಯಾನಿನಲ್ಲಿ ಷಾಕ್ ತಡೆಯಬೇಕಾದ ಆರ್‌ಸಿಸಿಬಿ ಸಮಯಕ್ಕೆ ಬೀಳದೆ ಇರಬಹುದು. ಇದನ್ನು ಬಲ್ಲ ಎಲೆಕ್ಟ್ರಿಷಿಯನ್ ಕೈಯಲ್ಲಿ ನೋಡಿಸದೆ ಜೋಡಿಸಬಾರದು.

ನನ್ನ ತೀರ್ಮಾನ ಇಷ್ಟು. ಸಂಸಾರದೊಂದಿಗೆ ತಿರುಗುವ ವ್ಯಾನಿಗೆ ಹಣ ಹಾಕುವ ಕ್ರಮ ಹೀಗಿರಲಿ: ಮೊದಲು ಬ್ಯಾಟರಿ, ಆಮೇಲೆ ವಾಹನದ ಎಂಜಿನ್ನಿನಿಂದ ತುಂಬುವ ಚಾರ್ಜರ್, ಆಮೇಲೆ ಸೋಲಾರ್, ಕೊನೆಗೆ ಕೈಯಲ್ಲಿ ಹಿಡಿದು ಒಯ್ಯಬಹುದಾದ 1ರಿಂದ 2 ಕೆವಿಎಯ ಇನ್ವರ್ಟರ್ ಜನರೇಟರ್. ಈ ಕ್ರಮವನ್ನು ತಲೆಕೆಳಗು ಮಾಡಿ ದೊಡ್ಡ ಯಂತ್ರವನ್ನು ಮೊದಲು ಮಾರುವವರು ಗಿರಾಕಿಯ ನಿದ್ದೆ, ನೆರೆಯವರ ನಿದ್ದೆ ಎರಡನ್ನೂ ಕೆಡಿಸುತ್ತಿದ್ದಾರೆ. ಕೆಲವೊಮ್ಮೆ ಜೀವಕ್ಕೇ ಸಂಚಕಾರ ತರುತ್ತಿದ್ದಾರೆ. ವ್ಯಾನ್ ಕಟ್ಟಿಕೊಡುವವರು ಅಂದಾಜು ಪಟ್ಟಿಯಲ್ಲಿ ಕೆವಿಎ ಬರೆಯುವ ಮೊದಲು ದಿನದ ಯೂನಿಟ್ ಲೆಕ್ಕ ಬರೆಯಲಿ. ಆ ಒಂದು ಸಾಲು ಇಲ್ಲದ ಪಟ್ಟಿಗೆ ಮುಂಗಡ ಕೊಡಬೇಡಿ.