ಮೊದಲ ಮಹಡಿಯ ಎತ್ತರದಿಂದ ಶಿಕಾಗೊ

ಶಿಕಾಗೊದಲ್ಲಿರುವ ಮಗನ ಮನೆಗೋ ಮಗಳ ಮನೆಗೋ ಹೋಗಿಬಂದವರನ್ನು ಏನೇನು ನೋಡಿದಿರಿ ಎಂದು ಕೇಳಿದರೆ ಉತ್ತರ ಹೆಚ್ಚುಕಡಿಮೆ ಒಂದೇ: ವಿಲ್ಲಿಸ್ ಟವರಿನ 103ನೇ ಮಹಡಿ, ಮಿಲೇನಿಯಂ ಪಾರ್ಕಿನ ಹೊಳೆಯುವ ‘ಬೀನ್’ ಶಿಲ್ಪ, ನದಿಯಲ್ಲಿ ದೋಣಿಯ ಒಂದು ಸುತ್ತು, ಲೆಮಾಂಟಿನ ದೇವಸ್ಥಾನ. ಎಲ್ಲವೂ ನೋಡತಕ್ಕವೇ. ಆದರೆ ಶನಿವಾರ ಮಕ್ಕಳಿಗೆ ಬಿಡುವಾದಾಗ ಕಾರಿನಲ್ಲಿ ಹೋಗಿ ಕಾರಿನಲ್ಲೇ ಹಿಂದಿರುಗಿದರೆ ನಡುವಿನ ಊರು ಕಣ್ಣಿಗೆ ಬೀಳುವುದೇ ಇಲ್ಲ. ಅಂಥವರಿಗೆ ಈ ವಾರ ನನ್ನ ಶಿಫಾರಸು ‘ಎಲ್’: ಉಕ್ಕಿನ ಕಂಬಗಳ ಮೇಲೆ, ಮೊದಲ ಮಹಡಿಯ ಕಿಟಕಿಗಳ ಮಟ್ಟದಲ್ಲಿ ಓಡುವ ರೈಲು. ಆ ಎತ್ತರವೇ ಅದರ ಹೆಚ್ಚುಗಾರಿಕೆ. ರಸ್ತೆಯಲ್ಲಿ ನಿಂತರೆ ಕಟ್ಟಡಗಳ ಬುಡವಷ್ಟೇ ಕಾಣುತ್ತದೆ. 412 ಮೀಟರ್ ಮೇಲಿನಿಂದ ನೋಡಿದರೆ ಊರೆಲ್ಲ ನಕ್ಷೆ. ಎಲ್‌ನ ಕಿಟಕಿಯಲ್ಲಿ ಮಾತ್ರ ಮನುಷ್ಯರೂ ಕಟ್ಟಡಗಳೂ ಒಟ್ಟಿಗೆ ಕಾಣುತ್ತಾರೆ.

ನೇಪರ್‌ವಿಲ್, ಅರೋರಾ ಕಡೆ ಇರುವವರು ಮೆಟ್ರಾ ರೈಲಿನಲ್ಲಿ ಯೂನಿಯನ್ ಸ್ಟೇಷನ್ನಿಗೆ ಬಂದಿಳಿಯಿರಿ. ಸೇತುವೆ ದಾಟಿ ಪೂರ್ವಕ್ಕೆ ಸ್ವಲ್ಪ ನಡೆದರೆ ಕ್ವಿನ್ಸಿ ನಿಲ್ದಾಣ. ಇದು 1897ರದ್ದು, ಆ ಕಾಲದ ರೂಪವನ್ನೇ ಮರಳಿ ಕೊಟ್ಟು ಉಳಿಸಿಕೊಂಡಿದ್ದಾರೆ. ಅವಸರ ಬೇಡ, ಒಂದು ರೈಲು ಹೋದರೆ ಹೋಗಲಿ, ನಿಲ್ದಾಣವನ್ನು ನೋಡಿ. ಆಮೇಲೆ ಕಿಂಬಲ್ ಕಡೆಗೆ ಹೋಗುವ ಬ್ರೌನ್ ಲೈನ್ ಹತ್ತಿ, ಬಲಗಡೆಯ ಕಿಟಕಿ ಹಿಡಿಯಿರಿ.

ಈ ರೈಲು ನೇರ ಉತ್ತರಕ್ಕೆ ಹೋಗದೆ ಮೊದಲು ಪೇಟೆಯ ನಡುಭಾಗವನ್ನು ಸುತ್ತುತ್ತದೆ. ವೆಲ್ಸ್, ವ್ಯಾನ್ ಬ್ಯೂರೆನ್, ವಾಬಾಷ್, ಲೇಕ್ ಎಂಬ ನಾಲ್ಕು ಬೀದಿಗಳ ಮೇಲೆ ಹಳಿ ಚೌಕಾಕಾರವಾಗಿ ಹೋಗಿದೆ. ಇದೇ ‘ಲೂಪ್’, 1897ರಲ್ಲಿ ಪೂರ್ಣಗೊಂಡದ್ದು. ಮೂಲೆಗಳಲ್ಲಿ ರೈಲು ಬೀದಿಯಂತೆಯೇ ಥಟ್ಟನೆ ತಿರುಗಬೇಕು. ಅದಕ್ಕಾಗಿಯೇ ಇಲ್ಲಿನ ಬೋಗಿಗಳು ಮೋಟು, ಒಂದೊಂದೂ 48 ಅಡಿ ಮಾತ್ರ. ತಿರುವಿನಲ್ಲಿ ಚಕ್ರ ಹಳಿಗೆ ಉಜ್ಜಿ ಕಿರುಗುಟ್ಟುತ್ತದೆ, ವೇಗ ನಡಿಗೆಗೆ ಇಳಿಯುತ್ತದೆ. ನೋಡುವವರಿಗೆ ಆ ನಿಧಾನವೇ ಲಾಭ. ಲೈಬ್ರರಿ ನಿಲ್ದಾಣದಲ್ಲಿ ಬಲಕ್ಕೆ ಹೆರಾಲ್ಡ್ ವಾಷಿಂಗ್ಟನ್ ಗ್ರಂಥಾಲಯದ ಕೆಂಪು ಗೋಡೆ. ಅದರ ಚಾವಣಿಯಂಚಿನ ಭಾರೀ ಗೂಬೆಗಳನ್ನು ನೋಡಲು ಮಾತ್ರ ಕೆಳಗಿಳಿಯಬೇಕು.

1970ರ ದಶಕದಲ್ಲಿ ಈ ಲೂಪನ್ನೇ ಕೆಡವಿ ಸುರಂಗ ತೋಡುವ ಯೋಜನೆಯಿತ್ತು. ಸದ್ದು, ನೆರಳು, ತುಕ್ಕು ಎಂಬ ದೂರುಗಳು ಸುಳ್ಳೇನಲ್ಲ. 1979ರಲ್ಲಿ ಆ ಯೋಜನೆ ಕೈಬಿಟ್ಟರು. ನನ್ನ ಮಟ್ಟಿಗೆ ಆ ನಗರ ತನಗೆ ತಾನೇ ಮಾಡಿಕೊಂಡ ದೊಡ್ಡ ಉಪಕಾರ ಅದು. ಸುರಂಗದಲ್ಲಿ ಹೋಗುವವನಿಗೆ ನಿಲ್ದಾಣದ ಹೆಸರು ಸಿಗುತ್ತದೆ, ಊರು ಸಿಗುವುದಿಲ್ಲ.

ಆಡಮ್ಸ್/ವಾಬಾಷ್‌ನಲ್ಲಿ ಇಳಿಯದೆ ಇರಬೇಡಿ. ಅಲ್ಲಿಂದ ಪೂರ್ವಕ್ಕೆ ಒಂದೇ ಬ್ಲಾಕ್ ನಡೆದರೆ ಆರ್ಟ್ ಇನ್‌ಸ್ಟಿಟ್ಯೂಟ್. 1893ರ ಸೆಪ್ಟೆಂಬರ್ 11ರಂದು ಸರ್ವಧರ್ಮ ಸಮ್ಮೇಳನದಲ್ಲಿ ಸ್ವಾಮಿ ವಿವೇಕಾನಂದರು ಎದ್ದು ನಿಂತು ಮಾತನಾಡಿದ್ದು ಈ ಕಟ್ಟಡದಲ್ಲೇ. ಅದರ ಹಿಂದಿನ ವರ್ಷವಷ್ಟೇ ಅವರು ಮೈಸೂರಿನಲ್ಲಿ ಚಾಮರಾಜ ಒಡೆಯರ ಅತಿಥಿಯಾಗಿದ್ದವರು. ಮುಂಬೈ ಕಲಾವಿದ ಜಿತೀಶ್ ಕಲ್ಲಾಟ್ 2010ರಲ್ಲಿ ಆ ಭಾಷಣದ ಪೂರ್ತಿ ಪಾಠವನ್ನು ಇಲ್ಲಿನ ಮಹಾ ಮೆಟ್ಟಿಲುಗಳ ಮೇಲೆ ದೀಪಾಕ್ಷರಗಳಲ್ಲಿ ಮೂಡಿಸಿದ್ದರು. ಆ ಅಕ್ಷರಗಳು ಈಗ ಇರಲಿ ಇಲ್ಲದಿರಲಿ, ಮೆಟ್ಟಿಲುಗಳಿವೆ. ಮೆಟ್ಟಿಲೇರಿ ಚಿತ್ರಗಳನ್ನು ನೋಡಲು ಅರ್ಧ ದಿನವಾದರೂ ಬೇಕು. ಹಾಗಾಗಿ ರೈಲಿನ ಓಡಾಟಕ್ಕೆ ಒಂದು ದಿನದ ಪಾಸ್ ತೆಗೆದುಕೊಳ್ಳುವುದು ಒಳ್ಳೆಯದು, ಎಲ್ಲಿ ಬೇಕಾದರೂ ಇಳಿಯಬಹುದು, ಹತ್ತಬಹುದು.

ಲೂಪ್ ಬಿಟ್ಟು ಉತ್ತರಕ್ಕೆ ತಿರುಗಿದ ರೈಲು ವೆಲ್ಸ್ ಸೇತುವೆಯ ಮೇಲಂತಸ್ತಿನಲ್ಲಿ ನದಿ ದಾಟುತ್ತದೆ. ಕೆಳ ಅಂತಸ್ತಿನಲ್ಲಿ ಕಾರುಗಳು, ಅದರ ಕೆಳಗೆ ದೋಣಿಗಳು. ಬಲಕ್ಕೆ ಮರೀನಾ ಸಿಟಿಯ ಜೋಡಿ ಗೋಪುರಗಳು, ಎಡಕ್ಕೆ 1930ರ ಮರ್ಚಂಡೈಸ್ ಮಾರ್ಟ್. ಒಂದು ಕಾಲಕ್ಕೆ ನೆಲದ ವಿಸ್ತೀರ್ಣದಲ್ಲಿ ಜಗತ್ತಿಗೇ ದೊಡ್ಡದೆನಿಸಿದ್ದ ಕಟ್ಟಡ. ಈ ನದಿಯ ಹರಿವನ್ನು 1900ರಲ್ಲಿ ತಿರುಗಿಸಿ, ಮಿಶಿಗನ್ ಸರೋವರಕ್ಕೆ ಸೇರುತ್ತಿದ್ದ ಹೊಲಸು ನೀರನ್ನು ಒಳನಾಡಿನತ್ತ ಕಳಿಸಿದರು.

ನದಿ ದಾಟಿದ ಮೇಲಿನ ಅರ್ಧ ಗಂಟೆಯ ದಾರಿಯೇ ನನಗೆ ಎಲ್ಲಕ್ಕಿಂತ ಪ್ರಿಯ. ಪ್ರವಾಸಿ ಕೈಪಿಡಿಯಲ್ಲಿ ಹೆಸರು ಕಾಣುವ ಯಾವುದೂ ಇಲ್ಲಿಲ್ಲ. ಇರುವುದು ಇಟ್ಟಿಗೆ ಮನೆಗಳ ಹಿತ್ತಿಲು. ಪ್ರತಿ ಮನೆಗೂ ಹಿಂದೆ ಮೂರು ಅಂತಸ್ತಿನ ಮರದ ಮೆಟ್ಟಿಲು, ಜಗಲಿ. ಬೆಂಕಿ ಬಿದ್ದರೆ ತಪ್ಪಿಸಿಕೊಳ್ಳುವ ದಾರಿಯೂ ಅದೇ, ಬೇಸಿಗೆಯ ಸಂಜೆ ಕೂರುವ ಜಾಗವೂ ಅದೇ. ಒಲೆ, ಸೈಕಲ್ಲು, ತುಳಸಿಯಂಥದೇ ಯಾವುದೋ ಗಿಡದ ಕುಂಡ, ಫೋನಿನಲ್ಲಿ ಮಾತಾಡುತ್ತ ನಿಂತವರು. ಬೀದಿಗೆ ತೋರಿಸುವ ಮುಖ ಒಂದಾದರೆ ಬದುಕುವ ಬದಿ ಇದು. ಹೀಗೆ ಬೆನ್ನು ನೋಡುವುದು ಎಲ್‌ಗೆ ಹುಟ್ಟಿನಿಂದ ಬಂದ ಗುಣ. 1892ರ ಜೂನ್ 6ರಂದು ದಕ್ಷಿಣ ಭಾಗದಲ್ಲಿ ಓಡಿದ ಮೊದಲ ಮಾರ್ಗವನ್ನು ಗಲ್ಲಿಗಳ ಮೇಲೆಯೇ ಕಟ್ಟಿದ್ದರು. ದೊಡ್ಡ ಬೀದಿಯ ಮೇಲೆ ಹಳಿ ಹಾಕಲು ಅಕ್ಕಪಕ್ಕದ ಮಾಲೀಕರ ಒಪ್ಪಿಗೆ ಬೇಕಿತ್ತು, ಹಿತ್ತಿಲ ಗಲ್ಲಿ ನಗರದ್ದೇ ಆಸ್ತಿ.

ಹಿಂತಿರುಗುವಾಗ ಸೆಜ್‌ವಿಕ್ ದಾಟಿದ ಕೂಡಲೇ ಮುಂದಕ್ಕೆ ಕಣ್ಣು ಹಾಯಿಸಿ. ಗಗನಚುಂಬಿಗಳ ಸಾಲು ನಿಧಾನವಾಗಿ ಎದ್ದು ಬರುವ ನೋಟಕ್ಕೆ ಯಾವ ದೋಣಿ ವಿಹಾರವೂ ಸಾಟಿಯಲ್ಲ.

ಮತ್ತೊಂದು ದಿನ ಸಿಕ್ಕರೆ ಗ್ರೀನ್ ಲೈನ್. ಪಶ್ಚಿಮಕ್ಕೆ ಹೋದರೆ ಗಾರ್ಫೀಲ್ಡ್ ಪಾರ್ಕ್ ಕನ್ಸರ್ವೇಟರಿ. 1908ರ ಈ ಗಾಜಿನ ಮನೆಗೆ ನಿಲ್ದಾಣದಿಂದ ನಾಲ್ಕು ಹೆಜ್ಜೆ. ಜೆನ್ಸ್ ಜೆನ್ಸೆನ್ ರೂಪಿಸಿದ ಜರಿಗಿಡಗಳ ಕೋಣೆಯಲ್ಲಿ ನಮ್ಮ ಆಗುಂಬೆಯ ತೇವ ನೆನಪಾಗುತ್ತದೆ. ಇನ್ನೂ ಮುಂದೆ ಓಕ್ ಪಾರ್ಕ್, ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಮನೆ. ಸರೋವರದ ದಡದ ಮ್ಯೂಸಿಯಂಗಳಿಗೆ ಮಾತ್ರ ಎಲ್ ಪೂರ್ತಿ ಮುಟ್ಟಿಸುವುದಿಲ್ಲ, ರೂಸ್‌ವೆಲ್ಟ್‌ನಲ್ಲಿ ಇಳಿದು ನಡೆಯಬೇಕು. ತಡರಾತ್ರಿ ಖಾಲಿ ಬೋಗಿ ಹತ್ತಬೇಡಿ, ಜನ ಕುಳಿತಿರುವ ಬೋಗಿಯನ್ನೇ ಆರಿಸಿಕೊಳ್ಳಿ. ಚಳಿಗಾಲವಾದರೆ ಪ್ಲಾಟ್‌ಫಾರ್ಮಿನ ಮೇಲೆ ಗುಂಡಿ ಒತ್ತಿದರೆ ಉರಿಯುವ ಶಾಖದ ದೀಪಗಳಿವೆ, ಅವುಗಳ ಕೆಳಗೆ ನಿಲ್ಲಿ.

ಅದೇ ಗ್ರೀನ್ ಲೈನ್ ದಕ್ಷಿಣಕ್ಕೆ ಹೋದಾಗ 35ನೇ ಬೀದಿಯಲ್ಲಿ ಇಳಿಯಿರಿ. ಅಲ್ಲಿ ಮೀಸ್ ವಾನ್ ಡೆರ್ ರೋ ಯೋಜಿಸಿದ ಇಲಿನಾಯ್ ತಾಂತ್ರಿಕ ಸಂಸ್ಥೆಯ ಆವರಣ, ಅವರದೇ ಕ್ರೌನ್ ಹಾಲ್. ಆವರಣದ ನಡುವೆಯೇ ಎಲ್‌ನ ಹಳಿ. ಅದರ ಅಡಿಯಲ್ಲೇ ವಿದ್ಯಾರ್ಥಿ ಕೇಂದ್ರ ಕಟ್ಟಬೇಕಾಗಿ ಬಂದಾಗ ವಾಸ್ತುಶಿಲ್ಪಿ ರೆಮ್ ಕೂಲ್‌ಹಾಸ್ ರೈಲನ್ನು ದೂರ ತಳ್ಳುವ ಉಪಾಯ ಹುಡುಕಲಿಲ್ಲ. ಹಳಿಯ ಸುತ್ತ 530 ಅಡಿ ಉದ್ದದ ಉಕ್ಕಿನ ಕೊಳವೆ ತೊಡಿಸಿ ಸದ್ದನ್ನು ಅದರೊಳಗೇ ಕಟ್ಟಿಹಾಕಿದರು. 2003ರಿಂದ ವಿದ್ಯಾರ್ಥಿಗಳು ಕೆಳಗೆ ಊಟಕ್ಕೆ, ಹರಟೆಗೆ ಕೂರುತ್ತಾರೆ, ತಲೆಯ ಮೇಲೆ ರೈಲು ಹಾದುಹೋಗುತ್ತಲೇ ಇರುತ್ತದೆ. ಮೊದಲು ರೈಲಿನಲ್ಲಿ ಕೊಳವೆ ದಾಟಿ, ಆಮೇಲೆ ಹಿಂದೆ ನಡೆದು ಬಂದು ಕೆಳಗೆ ಒಂದು ಕಾಫಿ ಕುಡಿಯಿರಿ.